ಮನೆ ಯಾರ ಹೆಸರಿನಲ್ಲಿತ್ತು?

ಕೆಲವು ವರ್ಷಗಳ ಹಿಂದೆ ನಾವು ನೆರೆಯ ಬಗ್ಗೆ ಒಂದು ಕಥೆ ಬರೆದಿದ್ದೆವು. ನದಿಯಂಚಿನ ಮನೆ, ರಾತ್ರಿ ಏರಿದ ನೀರು, ಮಗುವನ್ನು ಹೆಗಲ ಮೇಲೆ ಹೊತ್ತ ತಾಯಿ, ಬೆಳಗಾದಾಗ ಗೋಡೆಯಿಲ್ಲದೆ ನಿಂತ ಬಾಗಿಲು. ಕಥೆ ಅಚ್ಚಾಯಿತು, ಗೆಳೆಯರು ಮೆಚ್ಚಿದರು. ಗೋಡೆಯಿಲ್ಲದ ಬಾಗಿಲು ಒಳ್ಳೆಯ ಪ್ರತಿಮೆ ಎಂದರು. ನಾವೂ ಹಾಗೆಯೇ ನಂಬಿಕೊಂಡು ಓಡಾಡಿದೆವು.

ಆಮೇಲೆ ಹರಿಹರದ ಒಂದು ಮನೆಯಲ್ಲಿ ಹತ್ತಾರು ಮಂದಿ ಸೇರಿದ್ದಾಗ ಆ ಕಥೆಯನ್ನು ನಮ್ಮ ದಖನಿಯಲ್ಲಿ ಹೇಳಿದೆವು. ಬಾಗಿಲ ಬಳಿ ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಕುಳಿತಿದ್ದ ಒಬ್ಬ ಖಾಲಾ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, ಕೈಯ ಕೆಲಸ ನಿಲ್ಲಿಸದೆ, "ಕಹಾನಿ ಅಚ್ಛೀ ಹೈ ಭಾಯ್. ಘರ್ ಕಿಸ್ಕೆ ನಾಮ್ ಪೋ ಥಾ?" ಎಂದರು.

ಕಥೆ ಚೆನ್ನಾಗಿದೆ, ಆದರೆ ಮನೆ ಯಾರ ಹೆಸರಿನಲ್ಲಿತ್ತು? ಕೂಟದಲ್ಲಿದ್ದವರು ನಕ್ಕರು. ನಾವೂ ನಕ್ಕೆವು. ಕಥೆಗೆ ಖಾತೆ ಯಾಕೆ ಬೇಕು ಎಂದು ಯಾರೋ ತಮಾಷೆ ಮಾಡಿದರು. ಖಾಲಾ ನಗಲಿಲ್ಲ. ಅವರು ತಮಾಷೆಗೆ ಕೇಳಿದ್ದಲ್ಲ. ಅವರ ಮನೆಗೆ ನೀರು ನುಗ್ಗಿತ್ತು, ಮನೆ ಬಾಡಿಗೆಯದು, ಪರಿಹಾರದ ಪಟ್ಟಿಯಲ್ಲಿ ಬಂದದ್ದು ಮಾಲೀಕರ ಹೆಸರು. ಕಥೆಯ ಮುಂದಿನ ಭಾಗ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಗೋಡೆಯಿಲ್ಲದ ಬಾಗಿಲಿನಲ್ಲಿ ನಾವು ಕಥೆ ನಿಲ್ಲಿಸಿದ್ದೆವು. ಅವರ ಕಥೆ ಶುರುವಾಗುವುದೇ ಅಲ್ಲಿಂದ.

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ನೆರೆಯಲ್ಲಿ ಮನೆ ಕಳೆದುಕೊಂಡ ಬಡವರ ಬಗ್ಗೆ ಎರಡು ಬಗೆಯ ಬರವಣಿಗೆ ನಡೆಯುತ್ತದೆ. ಒಂದು ನಮ್ಮಂಥವರದು. ಇನ್ನೊಂದು ಕಚೇರಿಯದು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ, ಎರಡೂ ಒಂದೇ ಜಾಗದಲ್ಲಿ ಕುರುಡಾಗಿವೆ ಎಂಬುದು ಕಾಣುತ್ತದೆ.

ಎರಡು ಊರು, ಒಂದು ನೀರು

ನಾವಿರುವುದು ದಾವಣಗೆರೆಯ ವಿನೋಬನಗರದಲ್ಲಿ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಭಾವೆಯವರು 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನ ಶುರು ಮಾಡಿದರು. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ದೊಡ್ಡ ಸಮ್ಮೇಳನ ನಡೆಯಿತು, ನೆಹರೂ ಅವರೂ ಬಂದಿದ್ದರು. ಭೂಮಿ ಇಲ್ಲದವನಿಗೆ ಭೂಮಿ ಕೇಳುತ್ತಾ ಊರೂರು ನಡೆದವರ ಹೆಸರನ್ನು ನಾವು ನಿವೇಶನಗಳ ಬಡಾವಣೆಗೆ ಇಟ್ಟುಕೊಂಡೆವು. ಕರ್ನಾಟಕದ ಎಷ್ಟೋ ಊರುಗಳಲ್ಲಿ ಒಂದೊಂದು ವಿನೋಬನಗರವಿದೆ. ಖಾತೆ ಇದ್ದವರೇ ಹೆಚ್ಚಾಗಿ ವಾಸಿಸುವ ಈ ಬಡಾವಣೆಗಳಿಗೆ ಆ ಹೆಸರು ಹೇಗೆ ಹೊಂದುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ತುಂಗಭದ್ರೆಯ ಪಾಲಿದೆ. ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ ಪಂಪು ಮಾಡಿ ದಾವಣಗೆರೆಗೆ ತರುತ್ತಾರೆ. ಹದಿನಾಲ್ಕು ಕಿಲೋಮೀಟರ್ ಆಚೆ ಅದೇ ನದಿ ಮಳೆಗಾಲದಲ್ಲಿ ಹರಿಹರದ ಗಂಗಾನಗರದ ಮನೆಗಳ ಹೊಸ್ತಿಲು ದಾಟುತ್ತದೆ. ನಮಗೆ ಪೈಪಿನಲ್ಲಿ ಬರುವ ನೀರು ಅವರಿಗೆ ಬಾಗಿಲಿನಿಂದ ಬರುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿದರೆ ನಾವು ಗಲಾಟೆ ಮಾಡುತ್ತೇವೆ. ಮಳೆಗಾಲದಲ್ಲಿ ಅದು ಉಕ್ಕಿದರೆ ಸುದ್ದಿ ಓದುತ್ತೇವೆ.

ಈ ನೆರೆ ಆಕಾಶದಿಂದ ಹಠಾತ್ತನೆ ಬೀಳುವ ಅನಾಹುತವಲ್ಲ. ಅದಕ್ಕೊಂದು ಕ್ರಮವಿದೆ. ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಚಿಕ್ಕದು, ಮೂರು ಟಿಎಂಸಿಗಿಂತ ಸ್ವಲ್ಪ ಹೆಚ್ಚು ಮಾತ್ರ ಹಿಡಿಯುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಅದು ತುಂಬಿ ಬಂದ ನೀರೆಲ್ಲ ಕೆಳಗೆ ಹರಿಯುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿರುವ ಅಣೆಕಟ್ಟು ದೊಡ್ಡದು, ಎಪ್ಪತ್ತೊಂದು ಟಿಎಂಸಿಗೂ ಹೆಚ್ಚು. ಅದು 186 ಅಡಿಗೆ ಮುಟ್ಟುವವರೆಗೆ ತಡೆದುಕೊಳ್ಳುತ್ತದೆ, ಆಮೇಲೆ ಗೇಟು ಎತ್ತುತ್ತಾರೆ. ಎರಡೂ ಕೂಡಲಿಯಲ್ಲಿ ಸೇರಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತವೆ. ಎರಡರ ನೀರೂ ಒಂದೇ ವಾರ ಬಿಟ್ಟರೆ ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರ ಮುಳುಗುತ್ತವೆ. ಉಕ್ಕಡಗಾತ್ರಿಯ ರಸ್ತೆ ನೀರಿನಡಿ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಹೀಗಾಯಿತು. 2024ರ ಜುಲೈ ಕೊನೆಯಲ್ಲಿಯೂ ನದಿ ಅಪಾಯದ ಮಟ್ಟದಲ್ಲಿ ಹರಿಯಿತು. ಗೇಟು ಎತ್ತುವ ಮೊದಲು ಎಚ್ಚರಿಕೆ ಕೊಡುತ್ತಾರೆ, ಮೈಕು ಕಟ್ಟಿದ ವಾಹನ ಓಡಾಡುತ್ತದೆ. ಜನ ಪಾತ್ರೆ, ಹಾಸಿಗೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾಗದಪತ್ರ ಹಿಡಿದು ಹೊರಡುತ್ತಾರೆ.

ಅಂದರೆ, ಯಾವ ಬೀದಿಗೆ ಎಷ್ಟನೇ ಅಡಿಗೆ ನೀರು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಣೆಕಟ್ಟಿನ ಎಂಜಿನಿಯರಿಗೆ ಗೊತ್ತು, ತಹಶೀಲ್ದಾರರಿಗೆ ಗೊತ್ತು, ನಗರಸಭೆಗೆ ಗೊತ್ತು, ಅಲ್ಲಿಯ ಮಕ್ಕಳಿಗೂ ಗೊತ್ತು. ಗೊತ್ತಿರುವ ವಿಷಯವೊಂದು ಮತ್ತೆ ಮತ್ತೆ ನಡೆದರೆ ಅದನ್ನು ಪ್ರಕೃತಿ ವಿಕೋಪ ಎಂದು ಕರೆಯುವುದರಲ್ಲಿ ಪ್ರಾಮಾಣಿಕತೆ ಕಡಿಮೆ.

ಕಚೇರಿಯ ಗದ್ಯ

ಈಗ ಕಚೇರಿಯ ಬರವಣಿಗೆಯನ್ನು ಓದೋಣ. ನಾವು ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದವರು. ಕನ್ನಡದ ಕಚೇರಿ ಮಾತು ನಮಗೆ ಮೊದಲ ದಿನದಿಂದಲೇ ಪರಿಚಿತವೆನಿಸಿತ್ತು, ಏಕೆಂದರೆ ಅದರ ಅರ್ಧ ಪದಗಳು ನಮ್ಮ ಮನೆಯವೇ. ಕಚೇರಿ, ಜಿಲ್ಲೆ, ತಾಲೂಕು, ತಹಶೀಲ್ದಾರ, ಜಮೀನು, ಮಂಜೂರು, ರಶೀದಿ, ಮಹಜರು, ಹಕ್ಕು. ಉರ್ದುವಿನಲ್ಲಿ 'ಹಕ್' ಎಂದರೆ ಬರಿಯ ಹಕ್ಕಲ್ಲ, ಸತ್ಯವೂ ಹೌದು. ಒಬ್ಬನ ಹಕ್ ತಿನ್ನುವುದೆಂದರೆ ಸುಳ್ಳು ಹೇಳಿದಂತೆ. ಆ ಪದ ಕನ್ನಡಕ್ಕೆ ಬಂದು 'ಹಕ್ಕುಪತ್ರ'ವಾಗುವ ಹೊತ್ತಿಗೆ ಸತ್ಯ ಕಳಚಿ ಪತ್ರ ಉಳಿಯಿತು. ಪತ್ರ ಇದ್ದವನಿಗೆ ಹಕ್ಕು, ಇಲ್ಲದವನಿಗೆ ಇಲ್ಲ.

ನೆರೆ ಬಂದಾಗ ಕಚೇರಿ ಬಳಸುವ ಪದಗಳನ್ನು ಗಮನಿಸಿ. ಹಿಂದೆ ಗಂಜಿ ಕೇಂದ್ರ ಎಂದಿದ್ದುದು ಈಗ ಕಾಳಜಿ ಕೇಂದ್ರ. ಗಂಜಿ ಎಂಬ ಮಾತಿನಲ್ಲಿದ್ದ ಬಡತನದ ವಾಸನೆ ಹೋಗಲಿ ಎಂದು ಹೆಸರು ಬದಲಾಯಿಸಿದ್ದರೆ ಉದ್ದೇಶ ಒಳ್ಳೆಯದೇ. ಆದರೆ ಗಂಜಿ ಕೇಂದ್ರ ಗಂಜಿಯನ್ನು ಮಾತ್ರ ಮಾತು ಕೊಟ್ಟಿತ್ತು, ಅದನ್ನು ಉಳಿಸಿಕೊಂಡಿತ್ತು. ಕಾಳಜಿ ಕೇಂದ್ರ ಕೊಟ್ಟ ಮಾತು ದೊಡ್ಡದು. ನೀರು ಇಳಿದ ದಿನ ಕೇಂದ್ರ ಮುಚ್ಚುತ್ತದೆ. ಕಾಳಜಿಯೂ ಅಂದೇ ಮುಗಿಯುತ್ತದೆಯೇ?

ಆಮೇಲೆ 'ಪರಿಹಾರ'. ಕನ್ನಡದಲ್ಲಿ ಈ ಪದಕ್ಕೆ ಕಷ್ಟ ನೀಗುವುದು ಎಂಬ ಅರ್ಥವೂ ಇದೆ, ನಷ್ಟಕ್ಕೆ ಕೊಡುವ ಹಣ ಎಂಬ ಅರ್ಥವೂ ಇದೆ. ಉರ್ದುವಿನಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳು: ಒಂದು ಹಲ್, ಇನ್ನೊಂದು ಮುಆವಜಾ. ಕನ್ನಡದ ಕಚೇರಿಗೆ ಈ ಇಬ್ಬಂದಿ ಅನುಕೂಲವಾಗಿದೆ. ಹಣ ಕೊಟ್ಟ ಮೇಲೆ 'ಪರಿಹಾರ ಆಗಿದೆ' ಎಂದು ಬರೆದರೆ ಸಮಸ್ಯೆಯೂ ಆಗಿಹೋದಂತೆ ಕೇಳುತ್ತದೆ.

ಇನ್ನು ಮನುಷ್ಯರಿಗೆ ಕೊಡುವ ಹೆಸರುಗಳು. ಗಂಗಾನಗರದ ಅದೇ ವ್ಯಕ್ತಿ ಆಗಸ್ಟ್‌ನಲ್ಲಿ 'ಸಂತ್ರಸ್ತ', ಅಕ್ಟೋಬರ್‌ನಲ್ಲಿ 'ಫಲಾನುಭವಿ', ಬೇಸಿಗೆಯಲ್ಲಿ ನದಿ ದಂಡೆ ತೆರವಿನ ಮಾತು ಬಂದಾಗ 'ಒತ್ತುವರಿದಾರ', ಚುನಾವಣೆ ಬಂದರೆ 'ಮತದಾರ ಪ್ರಭು'. ಒಂದೇ ಮುಖಕ್ಕೆ ನಾಲ್ಕು ಹೆಸರು. ಇವುಗಳಲ್ಲಿ ನಮಗೆ ಎಲ್ಲಕ್ಕಿಂತ ವಿಚಿತ್ರವೆನಿಸುವುದು ಫಲಾನುಭವಿ. ಫಲವನ್ನು ಅನುಭವಿಸುವವನು! ಗೋಡೆ ಬಿದ್ದು, ಅಕ್ಕಿ ನೆಂದು, ಮಕ್ಕಳ ಪುಸ್ತಕ ಕೊಚ್ಚಿಹೋದ ಮೇಲೆ ಕಂತಿನಲ್ಲಿ ಬರುವ ಹಣಕ್ಕೆ ಕಾಯುವವನನ್ನು ಫಲ ಅನುಭವಿಸುವವನು ಎಂದು ಕರೆದವರು ಯಾರೋ ತಿಳಿಯದು. 'ಹಕ್ಕುದಾರ' ಎಂಬ ಪದ ಪಕ್ಕದಲ್ಲೇ ಇತ್ತು.

ಎ, ಬಿ, ಸಿ

ಕಚೇರಿಗೆ ಮನೆಯೆಂದರೆ ಗೋಡೆ ಮತ್ತು ಸೂರು. ಎಷ್ಟು ಗೋಡೆ ಬಿದ್ದಿದೆ ಎಂಬುದರ ಮೇಲೆ ಎ, ಬಿ, ಸಿ ಎಂದು ವರ್ಗ. 2019ರಲ್ಲಿ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದ ಸಿ ವರ್ಗಕ್ಕೆ 50 ಸಾವಿರ ರೂಪಾಯಿ ಘೋಷಿಸಿತು. ತಕ್ಷಣದ ಖರ್ಚಿಗೆಂದು ಕುಟುಂಬಕ್ಕೆ 10 ಸಾವಿರ ರೂಪಾಯಿ ಕೊಟ್ಟಿತು. ಆಗ ವಿಪತ್ತು ನಿಧಿಯ ನಿಯಮದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗಬಹುದಾಗಿದ್ದುದು 95,100 ರೂಪಾಯಿ, ಬಟ್ಟೆಗೂ ಪಾತ್ರೆಗೂ ಸೇರಿ 3,800 ರೂಪಾಯಿ. 2022ರಲ್ಲಿ ಮನೆಯ ಮೊತ್ತ 1,20,000 ಆಯಿತು. ಆ ಲೆಕ್ಕದಲ್ಲಿ ನೋಡಿದರೆ ರಾಜ್ಯ 2019ರಲ್ಲಿ ಕೈ ಬಿಚ್ಚಿತ್ತು ಎನ್ನಲೇಬೇಕು. ಆ ವರ್ಷ ರಾಜ್ಯ ಅಂದಾಜು ಮಾಡಿದ ಒಟ್ಟು ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಹೆಚ್ಚು, ನಿಯಮದ ಪ್ರಕಾರ ಕೇಂದ್ರವನ್ನು ಕೇಳಲು ಸಾಧ್ಯವಾದುದು 3,800 ಕೋಟಿಯ ಆಸುಪಾಸು. ನಷ್ಟದ ಹತ್ತರಲ್ಲೊಂದು ಪಾಲನ್ನು ಮಾತ್ರ ಕಾಣುವ ಕಣ್ಣು ಆ ನಿಯಮದ್ದು.

ಆದರೆ ಮೊತ್ತ ಹೆಚ್ಚಿದಷ್ಟೂ 'ಯಾರಿಗೆ' ಎಂಬ ಪ್ರಶ್ನೆ ಹರಿತವಾಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಗೋಡೆ ನೀರಿನಲ್ಲಿ ನಿಂತಾಗಲೇ ಬೀಳುವುದಿಲ್ಲ, ಬಿಸಿಲಿಗೆ ಒಣಗುವಾಗ ಬಿರಿದು ಬೀಳುತ್ತದೆ. ಪರಿಶೀಲನೆಗೆ ಬಂದವರು ನಾಲ್ಕನೇ ದಿನ ಸಿ ಎಂದು ಬರೆದು ಹೋದರೆ, ಮೂರನೇ ವಾರ ಬಿದ್ದ ಗೋಡೆಯನ್ನು ಎ ಮಾಡಿಸಲು ಎಷ್ಟು ಸಲ ಕಚೇರಿಗೆ ಅಲೆಯಬೇಕು? ಒಂದು ಸೂರಿನಡಿ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿರುತ್ತಾರೆ. ಕಚೇರಿ ಸೂರನ್ನು ಎಣಿಸುತ್ತದೆ, ಒಲೆಯನ್ನು ಎಣಿಸುವುದಿಲ್ಲ. ಮನೆಯ ಹಣ ಕಂತುಕಂತಾಗಿ, ಪಾಯ, ಗೋಡೆ, ಸೂರು ಎಂದು ಒಂದೊಂದು ಹಂತದ ಫೋಟೋ ತೋರಿಸಿದಂತೆ ಬರುತ್ತದೆ. ಮೊದಲ ಕಂತಿನಲ್ಲಿ ಪಾಯ ಹಾಕಿ ಮುಂದಿನದಕ್ಕೆ ಕಾಯುವ ಕುಟುಂಬ ಅಷ್ಟು ದಿನ ಎಲ್ಲಿ ಮಲಗಬೇಕು?

ಇನ್ನು ಬಾಡಿಗೆದಾರ. ಅವನ ಮನೆ ಮುಳುಗಿದರೂ ಕಚೇರಿಯ ಭಾಷೆಯಲ್ಲಿ ಅವನದು ಮುಳುಗಿಲ್ಲ, ಮಾಲೀಕನದು ಮುಳುಗಿದೆ. ಪಾತ್ರೆ ಬಟ್ಟೆಯ ಹಣ ಅವನಿಗೆ ಸಿಕ್ಕೀತು. ಮನೆಯ ಹಣ ಸಿಕ್ಕುವುದಿಲ್ಲ. ಮಾಲೀಕ ಹೊಸದಾಗಿ ಕಟ್ಟಿದ ಮೇಲೆ ಬಾಡಿಗೆ ಏರುತ್ತದೆ. ಹಳೆಯ ಬಾಡಿಗೆದಾರ ಇನ್ನೂ ತಗ್ಗಿನ, ನದಿಗೆ ಇನ್ನೂ ಹತ್ತಿರದ ಇನ್ನೊಂದು ಮನೆ ಹುಡುಕುತ್ತಾನೆ. ಪರಿಹಾರವೇ ಅವನನ್ನು ಮುಂದಿನ ನೆರೆಯ ಬಾಯಿಗೆ ತಳ್ಳಿತು ಎಂದರೆ ಅತಿಶಯವಲ್ಲ. ನಮ್ಮ ಖಾಲಾ ಕೇಳಿದ ಪ್ರಶ್ನೆಯ ಅರ್ಥ ಇದು.

ನಮ್ಮ ಸಾಹಿತ್ಯ ಏನು ಕಂಡಿತು

ಕಚೇರಿಯನ್ನು ಬೈಯುವುದು ಸುಲಭ. ನಮ್ಮ ಅಂಗಳವನ್ನೂ ಗುಡಿಸಬೇಕು. ಕನ್ನಡದಲ್ಲಿ ಮುಳುಗಡೆಯ ಬಗ್ಗೆ ದೊಡ್ಡ ಕೆಲಸ ಮಾಡಿದವರು ನಾ. ಡಿಸೋಜ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿದ ಬದುಕನ್ನು ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮುಳುಗಡೆಯ ಜನ ತಮ್ಮವರೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಗಿರೀಶ್ ಕಾಸರವಳ್ಳಿಯವರು 'ದ್ವೀಪ'ವನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು.

ಆ ಚಿತ್ರದ ಬಗ್ಗೆ ಮಾತಾಡುವಾಗ ನಾವೆಲ್ಲ ಮಳೆಯನ್ನು, ಸೌಂದರ್ಯ ಅವರ ಅಭಿನಯವನ್ನು ಹೊಗಳುತ್ತೇವೆ. ಅದರ ಒಳಗಿನ ಲೆಕ್ಕಾಚಾರವನ್ನು ಕಡಿಮೆ ಗಮನಿಸಿದ್ದೇವೆ. ಗಣಪನ ಕುಟುಂಬ ಗುಡ್ಡದ ಮೇಲಿನ ದೇವಸ್ಥಾನದ ಪೂಜೆಯಿಂದ, ಊರವರ ನಂಬಿಕೆಯಿಂದ ಬದುಕುವ ಕುಟುಂಬ. ಊರು ಹೋದರೆ ಆ ಬದುಕು ಹೋಗುತ್ತದೆ, ಆದರೆ ಸರಕಾರದ ಲೆಕ್ಕದಲ್ಲಿ ಅದಕ್ಕೆ ಕಾಲಂ ಇಲ್ಲ. ಹೊರಗೆ ಹೋದರೆ ತಾವು ಯಾರೂ ಅಲ್ಲದವರಾಗುತ್ತೇವೆ ಎಂಬ ಭಯದಿಂದ ಅವರು ನಿಲ್ಲುತ್ತಾರೆ. ಕೊನೆಗೆ ನೀರು ಇಳಿದಾಗ, ಇಡೀ ರಾತ್ರಿ ಮನೆ ಕಾದ ನಾಗಿಯ ದುಡಿಮೆಯನ್ನು ಬಿಟ್ಟು ಗಂಡ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಪರಿಹಾರದ ಪಟ್ಟಿಯೂ ಗಂಡನೂ ಒಂದೇ ತಪ್ಪು ಮಾಡುತ್ತಾರೆ: ಮನೆಯನ್ನು ಉಳಿಸಿದವಳ ಹೆಸರನ್ನು ಬರೆಯುವುದಿಲ್ಲ.

'ದ್ವೀಪ' ಅಷ್ಟು ದೂರ ಹೋಯಿತು. ಆದರೆ ಅದು ನೆಲಕ್ಕೆ ಅಂಟಿದ ಕುಟುಂಬದ ಕಥೆ. ಬಿಡುವುದಕ್ಕೆ ಅವರಿಗೊಂದು ಸ್ವಂತ ಜಾಗವಿತ್ತು. ನಗರಸಭೆಯ ವಾರ್ಡೊಂದರಲ್ಲಿ, ಬಾಡಿಗೆಗೆ, ಇಲ್ಲವೇ ಖಾತೆಯಿಲ್ಲದ ನದಿದಂಡೆಯಲ್ಲಿ ಇರುವವರ ಬಗ್ಗೆ ಅಂಥ ಕಾದಂಬರಿ ನಮ್ಮ ಓದಿಗೆ ಬಿದ್ದಿಲ್ಲ. ಅಣೆಕಟ್ಟಿನ ಮುಳುಗಡೆ ಒಮ್ಮೆ ಬಂದು ಎಲ್ಲವನ್ನೂ ಒಯ್ಯುತ್ತದೆ, ಅದರಲ್ಲಿ ದುರಂತದ ಗಾಂಭೀರ್ಯವಿದೆ. ಗಂಗಾನಗರದ ನೀರು ಬಂದು ಹೋಗುತ್ತದೆ, ಮತ್ತೆ ಬರುತ್ತದೆ. ಅದು ಮಹಾಕಾವ್ಯಕ್ಕೆ ಒಗ್ಗುವುದಿಲ್ಲ, ಅರ್ಜಿಗೆ ಮಾತ್ರ ಒಗ್ಗುತ್ತದೆ. ಅರ್ಜಿಯ ಕಥೆ ಬರೆಯಲು ನಮಗೆ ನಾಚಿಕೆ.

ನಮ್ಮ ಸಮುದಾಯದ ಕಥೆಗಾರರು ಮನೆಯ ಪ್ರಶ್ನೆಯನ್ನು ಬೇರೆ ದಾರಿಯಿಂದ ಮುಟ್ಟಿದ್ದುಂಟು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಗೆ ಅಪ್ಪನ ಮನೆ ಇದೆ, ಗಂಡನ ಮನೆ ಇದೆ, ತನ್ನದೆನ್ನುವ ಮನೆ ಇಲ್ಲ. ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕಥೆಯ ಹೆಣ್ಣಿಗೆ ಗಂಡ ಕೈಬಿಟ್ಟ ಮೇಲೆ ನ್ಯಾಯ ಕೇಳಲು ಮಸೀದಿಯ ಬಾಗಿಲೇ ಗತಿ. ಆಗ ನಾವು ಇವನ್ನು ತಲಾಖಿನ ಕಥೆಗಳೆಂದು ಮಾತ್ರ ಓದಿದೆವು. ಖಾಲಾ ಕೇಳಿದ ಪ್ರಶ್ನೆ ಹಿಡಿದು ಮತ್ತೆ ಓದಿದರೆ ಅವು ಸೂರಿನ ಕಥೆಗಳೂ ಹೌದು. ಕುರ್‌ಆನ್ ಹೆಣ್ಣಿಗೆ ಆಸ್ತಿಯಲ್ಲಿ ಪಾಲು ಹೇಳಿದೆ ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದು ಅಕ್ಕತಂಗಿಯರಿಂದ 'ನಮಗೆ ಬೇಡ' ಎಂದು ಬರೆಸಿಕೊಳ್ಳುತ್ತೇವೆ. ನೀರು ಬಂದ ದಿನ ಈ ಲೆಕ್ಕ ಹೊರಬೀಳುತ್ತದೆ. ವಿಧವೆ ಮನೆಯಲ್ಲಿರುತ್ತಾಳೆ, ಖಾತೆ ತೀರಿಹೋದ ಮಾವನ ಹೆಸರಿನಲ್ಲಿರುತ್ತದೆ.

ನಗರಸಭೆಯ ಕೈಯಲ್ಲಿ ಏನಿದೆ

ಹಾಗಾದರೆ ಸ್ಥಳೀಯ ಆಡಳಿತ ಏನು ಮಾಡಬಹುದು? ಹಣ ಮೇಲಿನಿಂದ ಬರಬೇಕು ಎಂಬ ಮಾತು ಪೂರ್ತಿ ಸುಳ್ಳಲ್ಲ. ರಾಜ್ಯದ ವಿಪತ್ತು ನಿಧಿಗೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ನಾಲ್ಕರಲ್ಲಿ ಮೂರು ಪಾಲು ಕೊಡುತ್ತದೆ, ರಾಜ್ಯ ಒಂದು ಪಾಲು. ಅದನ್ನು ಹಂಚುವವರು ಜಿಲ್ಲಾಧಿಕಾರಿ, ತಹಶೀಲ್ದಾರ್. ನಗರಸಭೆಗೆ ಕಸ ತೆಗೆಯುವ, ಬ್ಲೀಚಿಂಗ್ ಪುಡಿ ಹಾಕುವ, ಟ್ಯಾಂಕರ್ ಕಳಿಸುವ ಕೆಲಸ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಮು ಸ್ಥಳೀಯ ಸಂಸ್ಥೆಗೂ ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣದ ಹೊಣೆ ಹೊರಿಸಿದೆ. ಸಂವಿಧಾನದ 12ನೇ ಅನುಸೂಚಿ ಕೊಳೆಗೇರಿ ಸುಧಾರಣೆಯನ್ನೂ ನಗರದ ಬಡತನ ನೀಗುವುದನ್ನೂ ನಗರಾಡಳಿತಗಳ ಕೆಲಸವೆಂದು ಹೆಸರಿಸಿದೆ. ಹೊಣೆ ಕಾಗದದ ಮೇಲೆ ಬಂದಿದೆ, ಹಣದ ಚೀಲ ಬಂದಿಲ್ಲ.

ಚೀಲ ಪೂರ್ತಿ ಖಾಲಿಯೂ ಅಲ್ಲ. ನಮ್ಮ ನಗರ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಹಣ ತೆಗೆದಿಡುವ ಕ್ರಮವಿದೆ. ಈ ಪಾಲಿನಿಂದ ಮನೆಗಳ ಸಾಲು ಎದ್ದೀತು ಎಂದು ನಾವು ಹೇಳುವುದಿಲ್ಲ. ಆದರೆ ನೆರೆಯ ಬೀದಿಗಳ ಮನೆಮನೆ ಸಮೀಕ್ಷೆಗೆ, ಬಾಡಿಗೆದಾರರ ಪಟ್ಟಿಗೆ, ನೆನೆದ ದಾಖಲೆಗಳ ನಕಲಿಗೆ, ಮಳೆಗಾಲದ ಮೂರು ತಿಂಗಳ ಬಾಡಿಗೆ ನೆರವಿಗೆ ಅದು ಏನೂ ಸಾಲದ ಹಣವಲ್ಲ. 2018ರ ಭೂಕುಸಿತದ ನಂತರ ಕೊಡಗಿನ ನಿರಾಶ್ರಿತರಿಗೆ ಹೊಸ ಮನೆ ಸಿಗುವ ತನಕ ತಿಂಗಳಿಗೆ 10 ಸಾವಿರ ರೂಪಾಯಿ ಬಾಡಿಗೆ ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿ ಒಂದೊಂದು ಮನೆಗೆ ಸರಕಾರ 10 ಲಕ್ಷದ ಹತ್ತಿರ ಖರ್ಚು ಮಾಡಿತು. ಕೊಡಗಿಗೆ ಸಾಧ್ಯವಾದದ್ದು ತುಂಗಭದ್ರೆಯ ದಂಡೆಗೆ ಯಾಕೆ ಸಾಧ್ಯವಿಲ್ಲ? ಕೊಡಗಿನ ಗುಡ್ಡ ಒಂದೇ ದಿನ ಕುಸಿದು ದೇಶವೆಲ್ಲ ನೋಡಿತು. ಇಲ್ಲಿಯ ಗೋಡೆ ವರ್ಷಕ್ಕೊಂದಿಷ್ಟು ಕುಸಿಯುತ್ತದೆ, ಅಷ್ಟೆ.

ನಿಜವಾದ ಗಂಟು ಇರುವುದು ಜಮೀನಿನಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತವಾಗಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರ 1.5 ಲಕ್ಷ ರೂಪಾಯಿ ಕೊಡುತ್ತಿತ್ತು, ಆದರೆ ನಿವೇಶನ ಅವರದೇ ಆಗಿರಬೇಕಿತ್ತು. ನಿವೇಶನ ಇದ್ದಿದ್ದರೆ ಅವರು ನದಿಯ ಬಾಯಲ್ಲಿ ಯಾಕೆ ಇರುತ್ತಿದ್ದರು? ನಗರಸಭೆ ತನ್ನ ಕಡೆಯಿಂದ ಮಾಡಬಹುದಾದ ಅತಿ ದೊಡ್ಡ ಸಹಾಯ ಹಣವಲ್ಲ, ಎತ್ತರದ ಜಾಗದಲ್ಲಿ ಕೆಲವು ಎಕರೆ ಗುರುತಿಸಿ ಕೊಡುವುದು. ಭೂಮಿ ಕೊಡಿ ಎಂದು ಕೇಳಲು ಈಗ ಇನ್ನೊಬ್ಬ ವಿನೋಬಾ ನಡೆದು ಬರುವುದಿಲ್ಲ.

ಊರಾಚೆಯ ಮನೆ

ಜಾಗ ಕೊಟ್ಟರೂ ಎಲ್ಲಿ ಕೊಡುತ್ತಾರೆ ಎಂಬುದು ಮುಖ್ಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ನೆರೆಯ ನಂತರ 'ಆಸರೆ' ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನೇ ಕಟ್ಟಿದರು. ಕಟ್ಟಿದ ಮನೆಗಳಲ್ಲಿ ಅನೇಕ ಖಾಲಿ ಉಳಿದವು, ಜನ ಹಳೆಯ ಊರಿಗೆ ಮರಳಿದರು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ಕೂಡು ಕುಟುಂಬಕ್ಕೆ ಎರಡು ಕೋಣೆ. ದಾನವಾಗಿ ಬಂದ ಮನೆಯಲ್ಲಿ ದನದ ಕೊಟ್ಟಿಗೆ ಕೇಳುವುದು ಹೇಗೆ? ದಾನ ಕೊಟ್ಟವನನ್ನು ಪ್ರಶ್ನಿಸುವಂತಿಲ್ಲ. ಹಕ್ಕಿಗೂ ದಾನಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನಮ್ಮ ಊರಿನ ಉದಾಹರಣೆ ತೆಗೆದುಕೊಳ್ಳಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು ನಸುಕಿನಲ್ಲೇ ಒಲೆಯ ಮುಂದಿರಬೇಕು. ಬೀಡಿ ಕಟ್ಟುವ ಹೆಂಗಸರಿಗೆ ಎಲೆ ತರುವುದು, ಕಟ್ಟಿದ ಬೀಡಿ ಒಪ್ಪಿಸುವುದು ಪಕ್ಕದ ಓಣಿಯಲ್ಲೇ ಆಗಬೇಕು. ಇಂಥವರನ್ನು ಹೈವೇ ಆಚೆಯ ಬಡಾವಣೆಗೆ ಕಳಿಸಿದರೆ ಮನೆ ಸಿಕ್ಕಿ ಕೂಲಿ ಹೋಗುತ್ತದೆ. ಬಸ್ಸಿಗೆ ಕೊಡುವ ಹಣದಲ್ಲಿ ಹಳೆಯ ಬಾಡಿಗೆ ಕಟ್ಟಬಹುದಿತ್ತು ಎಂದು ಅವರು ಲೆಕ್ಕ ಹಾಕುತ್ತಾರೆ, ಮತ್ತೆ ದಂಡೆಗೆ ಬರುತ್ತಾರೆ. ಆಗ ನಾವು 'ಮನೆ ಕೊಟ್ಟರೂ ಮಾರಿಕೊಂಡು ಬಂದರು' ಎಂದು ಬೈಯುತ್ತೇವೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ಪಕ್ಕಕ್ಕೆ ಸರಿಸಬಾರದು. ನದಿದಂಡೆಯಲ್ಲಿ ಅನುಮತಿಯಿಲ್ಲದೆ ಕಟ್ಟಿಕೊಂಡವರಿಗೆಲ್ಲ ಮನೆ ಕೊಡುತ್ತಾ ಹೋದರೆ ನಾಳೆ ಇನ್ನಷ್ಟು ಜನ ಬಂದು ಕಟ್ಟಿಕೊಳ್ಳುವುದಿಲ್ಲವೇ? ತೆರಿಗೆ ಕಟ್ಟಿ, ಸಾಲ ಮಾಡಿ ನಿವೇಶನ ಕೊಂಡವನು ಮೂರ್ಖನೇ? ವಿನೋಬನಗರದ ನಮ್ಮ ನೆರೆಯವರು ಇದನ್ನು ನೇರವಾಗಿಯೇ ಕೇಳಿದ್ದಾರೆ. ನದಿಗೆ ಅದರ ದಂಡೆ ಬಿಟ್ಟುಕೊಡಬೇಕು ಎಂಬುದರಲ್ಲಿ ನಮಗೂ ಅನುಮಾನವಿಲ್ಲ. ತಗ್ಗಿನಲ್ಲೇ ಹಕ್ಕುಪತ್ರ ಕೊಟ್ಟು ಕೈ ತೊಳೆದುಕೊಳ್ಳುವುದು ಜನರನ್ನು ನೀರಿಗೆ ಬರೆದುಕೊಟ್ಟಂತೆ. ಆದರೆ ಕ್ರಮ ಯಾವುದು ಎಂಬುದು ಪ್ರಶ್ನೆ. ಮೊದಲು ಮನೆ, ಆಮೇಲೆ ತೆರವು, ತೆರವಾದ ಜಾಗದಲ್ಲಿ ಮತ್ತೆ ಯಾರೂ ಕೂರದಂತೆ ಕಾವಲು. 1985ರಲ್ಲಿ ಮುಂಬಯಿಯ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನ ಮೇಲೆ ಉಳಿಯುವ ಹಕ್ಕನ್ನೇನೂ ಕೊಡಲಿಲ್ಲ. ಆದರೆ ಹೊಟ್ಟೆಪಾಡು ಬದುಕುವ ಹಕ್ಕಿನ ಭಾಗ ಎಂದು ಹೇಳಿತು, ಕೆಲಸ ಇರುವಲ್ಲೇ ಬಡವ ಮಲಗುತ್ತಾನೆ ಎಂಬುದನ್ನು ಕಂಡಿತು. ಒಡಿಶಾ 2017ರಲ್ಲಿ ಕೊಳೆಗೇರಿ ನಿವಾಸಿಗಳಿಗೆ ಭೂಮಿಯ ಹಕ್ಕು ಕೊಡುವ ಕಾನೂನನ್ನೇ ಮಾಡಿತು. ಮಾರಲು ಬಾರದ, ಮಕ್ಕಳಿಗೆ ಬರುವ ಹಕ್ಕು ಅದು. ಮಾರಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಕಾನೂನಿನಲ್ಲೇ ಉತ್ತರವಿದೆ. 2022ರ ಮಹಾ ನೆರೆಯ ನಂತರ ಪಾಕಿಸ್ತಾನದ ಸಿಂಧ್‌ನಲ್ಲಿ ಇಪ್ಪತ್ತೊಂದು ಲಕ್ಷ ಮನೆ ಕಟ್ಟುವ ಯೋಜನೆ ಹಾಕಿ, ಭೂಮಿಯ ಪತ್ರವನ್ನು ಹೆಂಗಸರ ಹೆಸರಿಗೆ ಕೊಡಲು ಹೊರಟರು. ಬಡ ನಾಡುಗಳು ಮಾಡಬಲ್ಲ ಕೆಲಸವಿದು.

ಬಿರಿಯಾನಿ ಮತ್ತು ಖಾತೆ

ಕೊನೆಗೆ ನಮ್ಮ ಮಾತು. ನೆರೆ ಬಂದಾಗ ನಮ್ಮ ಹುಡುಗರು ಹಿಂದೆ ಬೀಳುವುದಿಲ್ಲ. ಮದರಸ, ಶಾದಿ ಮಹಲುಗಳ ಬಾಗಿಲು ತೆರೆಯುತ್ತವೆ, ಮಠಗಳ ದಾಸೋಹದ ಹಾಗೆ ನಮ್ಮ ದೇಗುಗಳೂ ಒಲೆಯೇರುತ್ತವೆ, ಯಾರ ಜಾತಿಯನ್ನೂ ಕೇಳದೆ ಬಡಿಸುತ್ತೇವೆ. ಅದು ನಿಜವಾದ ಪುಣ್ಯ, ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಬಿರಿಯಾನಿ ಪೊಟ್ಟಣದ ಫೋಟೋ ಹಾಕಿದ ಮರುವಾರ ನಾವೆಲ್ಲಿರುತ್ತೇವೆ? ಪಟ್ಟಿ ಪ್ರಕಟವಾಗುವ ದಿನ, ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ, ಎರಡನೇ ಕಂತು ನಿಂತ ದಿನ ಆ ಜನರ ಜೊತೆ ಕಚೇರಿಯ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಅರ್ಜಿ ಬರೆದುಕೊಡುವ ನಾಲ್ಕು ಹುಡುಗರು, ಬಾಡಿಗೆ ಕರಾರು ಬರೆಸಿಕೊಡುವ ಇಬ್ಬರು ವಕೀಲರು, ತೀರಿಹೋದವರ ಹೆಸರಿನಿಂದ ಬದುಕಿರುವ ಹೆಂಗಸಿನ ಹೆಸರಿಗೆ ಖಾತೆ ಬದಲಾಯಿಸಲು ಓಡಾಡುವ ಒಬ್ಬರು. ಅನ್ನದಷ್ಟೇ ದೊಡ್ಡ ಸದಕಾ ಇದು. ಮಳೆಗಾಲದ ಮೊದಲೇ ಆಗಬೇಕಾದ ಕೆಲಸವೂ ಹೌದು.

ಕಥೆಗಾರರಾದ ನಮ್ಮ ಪಾಲಿನದು ಇನ್ನೂ ಚಿಕ್ಕದು. ನಾವು ಆ ಹಳೆಯ ಕಥೆಯನ್ನು ಮತ್ತೆ ಬರೆಯುತ್ತಿದ್ದೇವೆ. ಗೋಡೆಯಿಲ್ಲದ ಬಾಗಿಲು ಈಗ ಮೊದಲ ಪುಟದಲ್ಲೇ ಬಂದು ಹೋಗುತ್ತದೆ. ಆಮೇಲೆ ತಾಯಿ ಪ್ಲಾಸ್ಟಿಕ್ ಚೀಲ ಬಿಚ್ಚಿ ಕಾಗದಗಳನ್ನು ಬಿಸಿಲಿಗೆ ಹರಡುತ್ತಾಳೆ. ಪಡಿತರ ಚೀಟಿ, ಮಗಳ ಅಂಕಪಟ್ಟಿ, ಕರೆಂಟ್ ಬಿಲ್ಲು. ಬಿಲ್ಲಿನಲ್ಲಿ ಇರುವುದು ಇನ್ನೊಬ್ಬರ ಹೆಸರು. ಮುಂದಿನ ಪುಟಗಳಲ್ಲಿ ಅವಳು ಆ ಕಾಗದ ಹಿಡಿದು ಕಚೇರಿಗೆ ಹೋಗುತ್ತಾಳೆ, ಕಥೆ ಅವಳ ಹಿಂದೆ ಹೋಗುತ್ತದೆ. ಮುಗಿಸಿದ ಮೇಲೆ ಹರಿಹರಕ್ಕೆ ಹೋಗಿ ಖಾಲಾಗೆ ಓದಿ ಹೇಳಬೇಕು. ಅವರು ಈಗ ಅದೇ ಮನೆಯಲ್ಲಿಲ್ಲ. ಬಾಡಿಗೆ ಏರಿತಂತೆ, ನದಿಗೆ ಇನ್ನೂ ಎರಡು ಓಣಿ ಹತ್ತಿರ ಹೋಗಿದ್ದಾರೆ.